ನಿಧಾನದ ಓಟದಲ್ಲಿ ಮುರಿದ ಮುಂಗೈ

೧೯೩೫ನೆಯ ಇಸವಿ ಫೆಬ್ರವರಿ ಹತ್ತು, ಭಾನುವಾರ. ಭಾವ ಸಂವತ್ಸರದ ಮಾಘ ಶುದ್ಧ ಸಪ್ತಮಿ. ಆಧಾರ: ನಮ್ಮ ತಂದೆಯವರು ಬಳಸುತ್ತಿದ್ದ ಆ ವರ್ಷದ ಪಂಚಾಂಗ. ಅದು ಶಿವರಾತ್ರಿಯ ದಿನವೆಂದು ನನ್ನ ಅತ್ತಿಗೆಯವರು ಇಂದಿಗೂ ಸಾಧಿಸುತ್ತಾರೆ. ಆದರೆ ಅಂದು ಬೆಳಿಗ್ಗೆ ತಲೆಯ ಮೇಲೆ ಎಕ್ಕದ ಎಲೆಯಿಟ್ಟುಕೊಂಡು ಸ್ನಾನ ಮಾಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ಸ್ನಾನ ರಥಸಪ್ತಮಿಗೆ ಸೇರಿದ್ದೇ ಹೊರತು ಶಿವರಾತ್ರಿಗಲ್ಲ. ಅಲ್ಲದೆ ಅತ್ತಿಗೆಯವರು ಆ ದಿನ ಸ್ಥಳದಲ್ಲಿರಲಿಲ್ಲ. ಅವರಿನ್ನೂ ಯಗಟಿಯಲ್ಲಿ ತಮ್ಮ ತಂದೆಯ ಮನೆಯಲ್ಲಿದ್ದರು, ನನ್ನ ಅತ್ತಿಗೆಯಾಗುವ ಸಂಭವವೂ ಆ ಸಂಜೆಯ ಹೊತ್ತಿಗೆ ಬಹಳ ಕ್ಷೀಣಿಸಿತ್ತು.

ನನ್ನ ಅಣ್ಣ ಕಡೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅವನಲ್ಲಿ ಒಂದು ಸೈಕಲ್ ಇತ್ತು, ಅದರ ಮೇಲೆ ಕುಳಿತಾಗ ಮಾತ್ರ ಮುಖದಿಂದ ಗುಮಾಸ್ತಗಿರಿ ಇಳಿಯುತ್ತಿತ್ತು. ಯಗಟಿಯ ತೆಂಗಿನ ತೋಟದವರೊಬ್ಬರ ಮಗಳೊಂದಿಗೆ ಅವನ ಮದುವೆ ಫಾಲ್ಗುಣಕ್ಕೆ ನಿಶ್ಚಯವಾಗಿತ್ತು. ಅಷ್ಟರಲ್ಲಿ ಅಜ್ಜಂಪುರದ ಕೆಲವು ಉತ್ಸಾಹಿಗಳು ಸೈಕಲ್ ಪಂದ್ಯ ಸಾರಿದರು. ತರೀಕೆರೆಯಿಂದ ಅಜ್ಜಂಪುರಕ್ಕೆ ರಸ್ತೆಯ ಓಟ, ಬಯಲಿನಲ್ಲಿ ಸುತ್ತಿನ ಓಟ, ಕಡೆಗೆ ನಿಧಾನದ ಓಟ. ಅಣ್ಣ ಮೊದಲನೆಯದಕ್ಕೆ ಹೆಸರು ಕೊಟ್ಟ. ಸುದ್ದಿ ಸೈಕಲ್ಲಿಗಿಂತ ವೇಗವಾಗಿ ಯಗಟಿ ಮುಟ್ಟಿತು.

ಹೆಣ್ಣಿನ ತಂದೆ ನಮ್ಮ ಮನೆಗೆ ಬಂದವರು ನೀರು ಕುಡಿಯುವ ಮೊದಲೇ ವಿಷಯಕ್ಕೆ ಬಂದರು.

“ಬೀಗರೇ, ಹುಡುಗ ರಸ್ತೆ ಓಟಕ್ಕೆ ಸೇರ್ಕೊಂಡವ್ನಂತೆ?”

“ವಯಸ್ಸು ನೋಡಿ, ಒಂದಿಷ್ಟು ಹುಮ್ಮಸ್ಸು,” ಎಂದರು ನಮ್ಮ ತಂದೆ.

“ಹುಮ್ಮಸ್ಸು ಅಂತ ಜಲ್ಲಿಕಲ್ಲು ಮೆತ್ತಗಾಯ್ತದಾ? ನಮ್ಮಣ್ಣ ಮೊದ್ಲೇ ಸೈಕಲ್ ಹತ್ತೋ ಗಂಡು ಬ್ಯಾಡ ಅಂತಿದ್ದ. ಮದುವೆ ಮುಂಚೆ ಈ ಸೈಕಲ್ಲಿಂದ ಏನಾರಾ ಅನಾಹುತ ಆಯ್ತೋ, ಅಪಶಕುನ ಅಂತ ಸಂಬಂಧನೇ ಮುರ್ದುಬಿಡ್ತಾನೆ. ಅವನ ಮಾತು ಮೀರೋಕೆ ನನ್ ಕೈಲಾಗಲ್ಲ.”

ಅಣ್ಣ ಬಾಗಿಲ ಹಿಂದಿನಿಂದಲೇ ಸುತ್ತಿನ ಓಟವಾದರೂ ಸರಿ ಎಂದ. ಬೀಗರು ಒಪ್ಪಲಿಲ್ಲ. ರಸ್ತೆಯಲ್ಲಿ ಎತ್ತು, ಎಮ್ಮೆ, ಗಾಡಿಯ ಜಾಡು. ಸುತ್ತಿನಲ್ಲಿ ತಿರುವು, ಪಕ್ಕದವನ ಹ್ಯಾಂಡಲು. ಸೈಕಲ್ ಮುಟ್ಟಿ ಸಹ ನೋಡದ ಆ ಮಹನೀಯರು ಪ್ರತಿಯೊಂದು ಬಗೆಯ ಓಟದ ಅಪಾಯಗಳನ್ನು ವಿಂಗಡಿಸಿದ ಕ್ರಮವನ್ನು ಮುಂದೆ ನಾನು ಕಂಡ ಎಷ್ಟೋ ಪ್ರಬಂಧಗಳಲ್ಲಿ ಕಾಣಲಿಲ್ಲ. ಕೊನೆಗೆ ನಿಧಾನದ ಓಟಕ್ಕೆ ಅಪ್ಪಣೆಯಾಯಿತು.

“ಅದು ಬೇಕಾದ್ರೆ ಮಾಡ್ಲಿ. ನಡಿಯೋರಿಗಿಂತ ನಿಧಾನ ಹೋಗೋನು ಎಲ್ಲಿಂದ ಬೀಳ್ತಾನೆ?”

ಇಡೀ ಮನೆ ಈ ತರ್ಕಕ್ಕೆ ತಲೆದೂಗಿತು. ಮೈಸೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ನಾನೂ ತಲೆದೂಗಿದೆ. ಸೈಕಲ್ಲನ್ನು ಎತ್ತಿಹಿಡಿಯುವುದು ಅದರ ವೇಗವೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಆ ಭಾನುವಾರ ತರೀಕೆರೆಯಿಂದ ಹೊರಟವರು ಒಬ್ಬೊಬ್ಬರಾಗಿ ಧೂಳು ಮೆತ್ತಿಕೊಂಡು, ಮೈಗೆ ಗೀರೂ ಇಲ್ಲದೆ ಬಂದಿಳಿದರು. ಒಬ್ಬನ ಟೈರು ಮಾತ್ರ ದಾರಿಯಲ್ಲಿ ಗಾಳಿ ಬಿಟ್ಟಿತ್ತು. ಸುತ್ತಿನ ಓಟದಲ್ಲಿ ಇಬ್ಬರ ಹ್ಯಾಂಡಲು ಸಿಕ್ಕಿಕೊಂಡು ಇಬ್ಬರೂ ಬಿದ್ದರು. ಎದ್ದು ಪರಸ್ಪರರ ವಂಶವನ್ನು ಸ್ಮರಿಸಿ ಮತ್ತೆ ಹತ್ತಿಹೋದರು. ಗಾಯಾಳುಗಳಿಗೆಂದು ಸಿದ್ಧವಾಗಿದ್ದ ಅರಿಸಿನದ ಬಟ್ಟೆಗಳು ಮಡಿಕೆ ಬಿಚ್ಚದೆ ಉಳಿದವು.

ನಿಧಾನದ ಓಟಕ್ಕೆ ಸುಣ್ಣದ ಗೆರೆ ಎಳೆದು ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ ಮಾಡಿದ್ದರು. ಕೊನೆಗೆ ತಲುಪಿದವನೇ ಗೆದ್ದವನು. ಕಾಲು ನೆಲ ಮುಟ್ಟಿದರೆ ಔಟು, ಗೆರೆ ದಾಟಿದರೂ ಔಟು. ಮದುವೆ ಗೊತ್ತಾದ ಗಂಡನ್ನು ಎಲ್ಲಿಗೂ ಒಂಟಿಯಾಗಿ ಕಳಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ಪದ್ಧತಿಗೆ ಸೈಕಲ್ ಪಂದ್ಯದ ವಿನಾಯಿತಿ ಇರಲಿಲ್ಲವಾಗಿ ಬೀಗರು ಬಿಚ್ಚಿದ ಕೊಡೆ ಹಿಡಿದು ಅಣ್ಣನ ಪಟ್ಟಿಯೊಳಕ್ಕೇ ಇಳಿದು ಅವನ ಮಗ್ಗುಲಲ್ಲಿ ನಡೆಯತೊಡಗಿದರು.

“ಯಜಮಾನ್ರೇ, ನೀವೂ ಪಂದ್ಯದಲ್ಲಿದ್ದೀರಾ?” ಎಂದು ಗುಂಪಿನಿಂದ ಯಾರೋ ಕೂಗಿದರು.

“ಇದ್ದೀನಿ ಕಣೋ! ನೋಡ್ತಿರು, ನಾನೇ ಕೊನೇಗೆ ಬರೋನು!”

“ಹಂಗಾರೆ ಬಹುಮಾನ ಮಾವಂಗೆ, ಹೆಣ್ಣು ಅಳಿಯಂಗೆ!”

ಬಯಲೆಲ್ಲ ನಕ್ಕಿತು. ಉಳಿದವರು ಕಾಲೂರಿ, ಗೆರೆ ದಾಟಿ ಹೊರಬಿದ್ದರು. ಅಣ್ಣನೂ ಶಿವನಿ ಊರಿನ ಕಡೆಯ ಒಬ್ಬನೂ ಉಳಿದರು. ಅಣ್ಣನ ಸೈಕಲ್ ನಿಂತೇಹೋಯಿತು ಅನ್ನುವಂತಾಗಿ, ಹ್ಯಾಂಡಲು ಅತ್ತ ಇತ್ತ ಹೊರಳಿತು.

“ಕಾಲೂರು ಕಣಪ್ಪಾ!” ಎಂದು ಬೀಗರು ಅರಚಿದರು.

“ಊರಿದ್ರೆ ಸೋತೆ, ಮಾವಾ!”

ಅವನು ಅವರನ್ನು ಮಾವ ಎಂದು ಕರೆದದ್ದು ಅದೇ ಮೊದಲು. ಕರೆದವನು ಸೈಕಲ್ ಸಮೇತ ಅವರ ಮೇಲೆಯೇ ಒರಗಿದ. ಅವರು ಕೊಡೆ ಬಿಸಾಡಿ ಬಲಗೈ ಚಾಚಿ ತಡೆದರು. ಅಣ್ಣನಿಗೆ ಏನೂ ಆಗಲಿಲ್ಲ. ಬೀಗರ ಬಲ ಮುಂಗೈ ಮುರಿದಿತ್ತು.

ಅಣ್ಣ ಸೈಕಲ್ಲನ್ನು ಬಿದ್ದಲ್ಲೇ ಬಿಟ್ಟು ಅವರ ಕೊಡೆ ಎತ್ತಿಕೊಂಡ. ಬಹುಮಾನ ಶಿವನಿಯ ಕಡೆಗೆ ಹೋದದ್ದನ್ನು ಅವನು ಗಮನಿಸಿದಂತೆಯೂ ಕಾಣಲಿಲ್ಲ. ನಮ್ಮ ತಂದೆ ಮೆಲ್ಲಗೆ ಕೇಳಿದರು: “ನಿಮ್ಮಣ್ಣನೋರಿಗೆ ಏನಂತ ಹೇಳೋದು ಬೀಗರೇ?”

“ಮೊದ್ಲು ದವಾಖಾನೆಗೆ ನಡೀರಿ. ಮುರಿದಿರೋದು ಕೈ, ಬಾಯಲ್ಲ.”

ದವಾಖಾನೆಯಲ್ಲಿ ಅವರು ನಮ್ಮನ್ನು ಹೊರಗೇ ನಿಲ್ಲಿಸಿ, ಒಬ್ಬರೇ ಒಳಹೋಗಿ, ದಬ್ಬೆ ಕಟ್ಟಿಸಿಕೊಂಡು ಬಂದರು. ಆ ವಾರವೆಲ್ಲ ಯಗಟಿಯಿಂದ ಯಾರು ಬಂದರೂ ಅಣ್ಣ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ. ಸಂಬಂಧ ಮುರಿಯಿತೆಂಬ ಮಾತು ಮಾತ್ರ ಬರಲಿಲ್ಲ.

ಬಂದದ್ದು ಬೇರೊಂದು ತೊಡಕು. ದಬ್ಬೆ ಕಟ್ಟಿದ ಬಲಗೈಯಿಂದ ಧಾರೆ ಎರೆಯುವುದು ಹೇಗೆ? ಎಡಗೈ ಆಗದೆಂದು ಹಿರಿಯರು, ಲಗ್ನ ಮುಂದೂಡಲಾಗದೆಂದು ಪುರೋಹಿತರು. ಹೆಣ್ಣಿನ ತಾಯಿ ಧಾರೆಯ ಗಿಂಡಿ ಹಿಡಿಯುವುದು, ಬೀಗರು ದಬ್ಬೆಯ ಕೈಯನ್ನು ಆಕೆಯ ಕೈಗೆ ಸೋಕಿಸುವುದು ಎಂದು ತೀರ್ಮಾನವಾಯಿತು. ಫಾಲ್ಗುಣದಲ್ಲೇ ಮದುವೆ ನಡೆಯಿತು. ಚಪ್ಪರದಲ್ಲಿ ಹೆಣ್ಣಿನ ದೊಡ್ಡಪ್ಪನವರು, ನಾವೆಲ್ಲ ಹೆದರಿದ್ದ ಅದೇ ಹಿರಿಯರು, ಅಣ್ಣನ ಬೆನ್ನು ತಟ್ಟಿದರು.

“ಆ ರಸ್ತೆ ಓಟಕ್ಕೆ ಹೋಗ್ದೆ ಒಳ್ಳೇದ್ ಮಾಡ್ದೆ ಕಣಪ್ಪಾ. ಅದ್ರಲ್ಲಿ ಓಡ್ಸೋರೇನು ಮನುಷ್ಯರಾ?”

ಅಣ್ಣ ತಲೆ ತಗ್ಗಿಸಿದ. ವರನಿಗೆ ಶೋಭಿಸುವ ನಾಚಿಕೆಯೆಂದು ಎಲ್ಲರೂ ಮೆಚ್ಚಿದರು.

ನಿವೃತ್ತಿಯ ನಂತರ, ಆ ಸೀಮೆಯ ಮಲೇರಿಯಾ ಜ್ವರದ ಬಗ್ಗೆ ಬರೆಯಲೆಂದು ಹಳೆಯ ದವಾಖಾನೆಯ ದಾಖಲೆಗಳನ್ನು ನೋಡುತ್ತಿದ್ದಾಗ, ಯಗಟಿಯ ರೈತರೊಬ್ಬರ ಬಲ ಮುಂಗೈಯ ಮೂಳೆ ಮುರಿತದ ನಮೂದು ಕಣ್ಣಿಗೆ ಬಿತ್ತು. ಕಾರಣ, ರೋಗಿಯ ಹೇಳಿಕೆಯಂತೆ: ತರೀಕೆರೆ ಕಡೆಯಿಂದ ಅತಿವೇಗವಾಗಿ ಬಂದ ಪಂದ್ಯದ ಸೈಕಲ್ ಬಡಿದದ್ದು, ಸವಾರ ಅಪರಿಚಿತ, ನಿಲ್ಲದೆ ಹೋದ. ನನ್ನ ನೆನಪಿಗೂ ಈ ದಾಖಲೆಗೂ ಹೊಂದಿಕೆಯಿಲ್ಲ. ದಿನಾಂಕ ಮಾತ್ರ ಸರಿಯಾಗಿದೆ.