ಉಪ್ಪಿನ ಡಬ್ಬಿಯ ಪಕ್ಕದ ಎರಡು ತೋಟೆ

ಬೊಳ್ಳಮ್ಮ ಆಂಟಿಯ ಉಣ್ಣೆ ಟೋಪಿ ಹಸಿರೋ ಕಂದೋ ನನಗೀಗ ಖಚಿತವಿಲ್ಲ. ನನ್ನ ಡೈರಿಯಲ್ಲಿ ಹಸಿರು ಎಂದಿದೆ. ಕಣ್ಣು ಮುಚ್ಚಿದರೆ ಕಂದು ಕಾಣುತ್ತದೆ. ಡೈರಿ ಬರೆದವಳೂ ನಾನೇ, ಕಣ್ಣು ಮುಚ್ಚುವವಳೂ ನಾನೇ. ಇಬ್ಬರಲ್ಲಿ ಯಾರನ್ನು ನಂಬಬೇಕೋ ತಿಳಿಯದು. ಮುಂದೆ ಬರೆಯುವುದರಲ್ಲೂ ಅಲ್ಲಲ್ಲಿ ತಪ್ಪಿರಬಹುದು. ಆದರೆ ಅವರ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಗೂ ಉಪ್ಪಿನಕಾಯಿ ಜಾಡಿಗೂ ನಡುವೆ, ಎರಡು ತೋಟೆಗಳು ಮದುವೆಯ ಫೋಟೋಗೆ ನಿಂತ ಜೋಡಿಯಂತೆ ನೆಟ್ಟಗೆ ನಿಂತಿರುತ್ತಿದ್ದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಬಾಯಲ್ಲಿ ಅವು ಬಂದೂಕಿನ ಕಾಡತೂಸು. ಕೊಡಗಿನವರಾದ ಅವರಿಗೆ ಕೋವಿಯ ತೋಟೆ. ಆ ಮನೆಗೆ ಹೋದ ಮೊದಲ ದಿನವೇ ಒಂದನ್ನು ಕಾಳುಮೆಣಸಿನ ಡಬ್ಬಿ ಎಂದುಕೊಂಡು ತಟ್ಟೆಯ ಮೇಲೆ ಬಗ್ಗಿಸಿ ಅಲ್ಲಾಡಿಸಿದ್ದೆ.

"ಎಷ್ಟು ಅಲ್ಲಾಡಿಸಿದ್ರೂ ಏನೂ ಬರಲ್ಲ ಕುಂಞಿ," ಎಂದರು ಅವರು, ಒಲೆಯಿಂದ ತಲೆಯೆತ್ತದೆ. "ಒಳಗೆ ಮದ್ದಿಲ್ಲ, ಬರೀ ನೋಡೋಕೆ ಇಟ್ಟಿರೋದು. ಮೆಣಸು ಆ ಕಡೆ."

ಕುಂಞಿ ಎಂದರೆ ಕೊಡವ ಮಾತಿನಲ್ಲಿ ಮಗು. ಅಂದಿನಿಂದ ನನಗೆ ಅದೇ ಹೆಸರಾಯಿತು. ಆಂಟಿ ವಿರಾಜಪೇಟೆ ಕಡೆಯವರು. ನರ್ಸ್ ಆಗಿ ಐರ್ಲೆಂಡಿಗೆ ಬಂದು, ಕಾರ್ಕ್‌ನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ದುಡಿದು ನಿವೃತ್ತರಾದವರು. ಬ್ಯಾಲಿನ್‌ಕೊಲಿಗ್‌ನ ಅವರ ಮನೆಯ ಮಹಡಿ ಕೋಣೆಯಲ್ಲಿ ನಾನು ಬಾಡಿಗೆಗಿದ್ದುಕೊಂಡು ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಓದುತ್ತಿದ್ದೆ. ಮೈಸೂರಿನ ಸಸ್ಯಾಹಾರಿ ಮೇಷ್ಟರ ಮನೆಯವಳು ನಾನು. ಬಂದು ಸೇರಿದ್ದು ಜಿಂಕೆ ಬೇಟೆಯಾಡುವ ಹೆಂಗಸಿನ ಮನೆಗೆ. "ಫ್ರೀಜರಲ್ಲಿ ಕೆಳಗಿನ ಡ್ರಾಯರ್ ನಿಂದು, ಮೇಲಿಂದು ಜಿಂಕೇದು. ಗಡಿ ದಾಟಬೇಡ, ಅದೂ ದಾಟಲ್ಲ," ಎಂಬುದು ನಮ್ಮ ಬಾಡಿಗೆ ಕರಾರಿನ ಏಕೈಕ ಷರತ್ತು. ನನಗೆಂದೇ ಅಣಬೆಗೆ ಹಂದಿಕರಿಯ ಮಸಾಲೆ ಅರೆದು, ಊರಿನಿಂದ ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ತಂದ ಕಾಚಂಪುಳಿ ಹುಳಿ ಬೆರೆಸಿ, ಅಕ್ಕಿತರಿಯ ಉಂಡೆ ಕಡಂಬಿಟ್ಟಿನ ಜೊತೆ ಬಡಿಸುತ್ತಿದ್ದರು. "ಅಣಬೆಗೆ ತಾನೇ ಹಂದಿ ಅಂತ ಅನ್ನಿಸೋವರೆಗೂ ಬೇಯಿಸ್ಬೇಕು."

ಅವರದೊಂದು ವಿಚಿತ್ರ ಗುಣವಿತ್ತು. ತೀರಾ ಬೇರೆಬೇರೆಯಾದ ಎರಡರಲ್ಲಿ ಒಂದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಸುತ್ತಿದ್ದರು. ಒಂದೇ ಥರದ ಎರಡು ಎದುರಾದರೆ ಅಲ್ಲೇ ಬೇರೂರುತ್ತಿದ್ದರು. ಒಮ್ಮೆ ಡಗ್ಲಸ್‌ನ ಶಾಪಿಂಗ್ ಸೆಂಟರಿನಲ್ಲಿ ಎರಡು ಮಳೆ ಜಾಕೆಟ್‌ಗಳ ಮುಂದೆ ಎಷ್ಟು ಹೊತ್ತು ನಿಂತರೆಂದರೆ, ಅಂಗಡಿಯ ಹುಡುಗಿ ಬಂದು ಕುರ್ಚಿ ಕೊಟ್ಟಳು. ನನಗಂತೂ ಎರಡೂ ಒಂದೇ ಜಾಕೆಟ್ಟು. ಆಂಟಿ ಒಂದನ್ನು ತೊಟ್ಟು ಬಲಗೈ ಎತ್ತಿ, ಕೋವಿ ಹಿಡಿದಂತೆ ನಿಂತು, ತೋಳು ಎಲ್ಲಿ ಬಿಗಿಯುತ್ತದೆ ಎಂದು ನೋಡಿದರು. ಆಮೇಲೆ ಇನ್ನೊಂದು. ಆಮೇಲೆ ಮತ್ತೆ ಮೊದಲನೆಯದು. ಅಂಗಡಿಯವರೆಲ್ಲ ಅವರು ಗುರಿಯಿಟ್ಟ ದಿಕ್ಕಿನಿಂದ ಮೆಲ್ಲಗೆ ಸರಿಯುತ್ತಿದ್ದರು.

"ಹುಲಿಗೂ ಬೆಕ್ಕಿಗೂ ವ್ಯತ್ಯಾಸ ಯಾರು ಬೇಕಾದ್ರೂ ಹೇಳ್ತಾರೆ ಕುಂಞಿ," ಎಂದರು ನನ್ನ ಮುಖ ನೋಡಿ. "ಎರಡು ಬೆಕ್ಕಲ್ಲಿ ಯಾವುದು ಹಾಲಿಗೆ ಬಾಯಿ ಹಾಕುತ್ತೆ ಅಂತ ಹೇಳೋದೇ ಕಷ್ಟ."

ಮೇಜಿನ ಮೇಲಿನ ಆ ಎರಡು ಬೆಕ್ಕುಗಳ ಹೆಸರು ತ್ರೀ-ನಾಟ್-ಏಟ್ ಮತ್ತು ಟೂ-ಫೋರ್-ತ್ರೀ. ಎರಡಕ್ಕೂ ಒಂದೇ ಹಿತ್ತಾಳೆಯ ಒಡಲು, ಒಂದೇ ದಪ್ಪ. ಒಂದರ ಕುತ್ತಿಗೆ ಕಿರಿದಾಗಿ ಗುಂಡು ಸಣ್ಣದಾಗಿದೆ, ಅಷ್ಟೇ. "ಒಂದೇ ತಾಯಿ ಮಕ್ಕಳು, ಇವಳು ಸ್ವಲ್ಪ ಸೊರಗಿದ್ದಾಳೆ" ಎನ್ನುತ್ತಿದ್ದರು ಆಂಟಿ. ತ್ರೀ-ನಾಟ್-ಏಟ್ ಅವರ ಗಂಡ ಬಿದ್ದಪ್ಪ ಅಂಕಲ್ ಕೋವಿಯದು. ಅಂಕಲ್ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನಗೆ ಅವರು ಟಿವಿಯ ಮೇಲಿನ ಫೋಟೋದಲ್ಲಿ ನಗುವ ಮೀಸೆ ಮಾತ್ರ. ಅವರ ಕಾಲಾನಂತರ ಆ ಕೋವಿ ಆಂಟಿಯ ಪರವಾನಗಿಗೆ ಬಂತು. ಗುಂಡು ಭಾರ, ಏಟು ಜೋರು, ಭುಜಕ್ಕೆ ಒದೆಯೂ ಜೋರು. ಟೂ-ಫೋರ್-ತ್ರೀ ಹಗುರ, ಮೃದು. ಆದರೆ ಗುಂಡು ಚಿಕ್ಕದು, ಗುರಿ ಸ್ವಲ್ಪ ತಪ್ಪಿದರೂ ಕ್ಷಮಿಸುವುದಿಲ್ಲ. ನಾನು ಬಂದ ವರ್ಷವೇ ಆಂಟಿಗೆ ಬಲಭುಜದ ಆಪರೇಷನ್ ಆಗಿತ್ತು. ಎರಡೂ ಇಟ್ಟುಕೊಳ್ಳಿ ಎಂದರೆ, "ಒಂದು ಭುಜಕ್ಕೆ ಎರಡು ಕೋವಿನಾ? ಗಾರ್ಡಾ ಪೊಲೀಸ್ ಸ್ಟೇಷನ್‌ನಲ್ಲಿ ಅದನ್ನ ನೀನು ಹೋಗಿ ವಿವರಿಸ್ತೀಯಾ?" ಎನ್ನುತ್ತಿದ್ದರು.

ಹಾಗಾಗಿ ಅವರಿಗೆ ಆ ಎರಡು ತೋಟೆಗಳ ನಡುವೆ ಆರಿಸುವುದೆಂದರೆ ಗಂಡನ ಕೋವಿ ಮನೆಯಲ್ಲಿ ಉಳಿಯಬೇಕೋ ಬೇಡವೋ ಎಂದು ಆರಿಸುವುದೇ ಆಗಿತ್ತು. ಉಳಿಸಿಕೊಳ್ಳಲು ಏನು ಕಷ್ಟ ಎಂದು ನಾನೊಮ್ಮೆ ಕೇಳಿದೆ. ಆಗ ಅವರು ಒಂದು ಗುಂಡಿನ ವಿಷಯ ಹೇಳಿದರು. ಅವರ ಊರಿನಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಎರಡು ಕೇಳಿದರೆ ಸುತ್ತಲಿನ ಮನೆಯವರು ಕೆಲಸ ಬಿಟ್ಟು ಹೊರಟು ಬರುತ್ತಾರೆ.

"ನಾನು ಹುಟ್ಟಿದಾಗ ಹುಡುಗಿ ಅಂತ ಯಾರೂ ಹಾರಿಸ್ಲಿಲ್ಲ. ನಮ್ಮಜ್ಜಿ ಜಗಳ ಮಾಡಿ, ತಾನೇ ಕೋವಿ ತಗೊಂಡು ಹಾರಿಸಿದ್ಳಂತೆ," ಎಂದರು. "ಅದಕ್ಕೇ ಬೇಟೆಗೆ ಹೋದ್ರೆ ನಂದು ಒಂದೇ ಗುಂಡು. ಎರಡನೇದು ಹಾರಿಸ್ಬೇಕಾಗಿ ಬಂತು ಅಂದ್ರೆ ಮೊದಲನೇದು ನೋವು ಕೊಟ್ಟಿದೆ ಅಂತ ತಾನೇ? ಇಷ್ಟು ವರ್ಷ ಥಿಯೇಟರಲ್ಲಿ ನಿಂತು ನೋವು ನೋಡಿದೀನಿ. ನಾನೇ ಕೊಡೋದು ಬೇಡ. ಭುಜ ಹೆದರ್ತಿದ್ರೆ ಗುರಿ ಹೆದರುತ್ತೆ. ಆದ್ರೆ ಭುಜ ಹೆದರ್ತಿದೆಯಾ ಇಲ್ವಾ ಅಂತ ಅದು ನಂಗೇ ಹೇಳ್ತಿಲ್ಲ."

ಅದನ್ನು ಹೇಳಿಸಿದವನು ಡೋನಲ್. ಪಕ್ಕದ ಕೆರಿ ಜಿಲ್ಲೆಯ ಗಡಿಯ ಕಡೆ ಗುಡ್ಡದ ಮೇಲೆ ಹಸು ಕಟ್ಟಿಕೊಂಡಿರುವ ರೈತ, ಬಿದ್ದಪ್ಪ ಅಂಕಲ್‌ನ ಬೇಟೆಯ ಜೊತೆಗಾರ. ಅವನು ನೆಟ್ಟ ಎಳೆಯ ಮರಗಳನ್ನೆಲ್ಲ ಸೀಕಾ ಜಿಂಕೆಗಳು ಮೇಯುತ್ತಿದ್ದವು. ಆಂಟಿ ಬೇಟೆಗೆ ಹೋಗುತ್ತಿದ್ದದ್ದು ಅವನ ಜಮೀನಿಗೇ. ಅವನು "ತ್ರೀ-ಓ-ಏಟ್" ಎನ್ನುತ್ತಿದ್ದ, ಆಂಟಿ "ತ್ರೀ-ನಾಟ್-ಏಟ್" ಎಂದು ತಿದ್ದುತ್ತಿದ್ದರು. ಆ ಜಗಳ ಅಂಕಲ್ ಕಾಲದಿಂದ ನಡೆದು ಬಂದಿತ್ತಂತೆ.

ಒಂದು ಶನಿವಾರ ಶೂಟಿಂಗ್ ರೇಂಜಿಗೆ ನಾನೂ ಹೋದೆ. ಡೋನಲ್ ಆಂಟಿಗೆ ಬೆನ್ನು ತಿರುಗಿಸಿ ಕೂರಲು ಹೇಳಿ, ಒಮ್ಮೆ ನಿಜವಾದ ತೋಟೆ, ಒಮ್ಮೆ ಮದ್ದಿಲ್ಲದ ತೋಟೆ, ಯಾವುದೆಂದು ಹೇಳದೆ ಕೋವಿಗೆ ತುಂಬಿಸಿ ಕೊಡತೊಡಗಿದ. ಮೊದಲು ಗುಂಡು ಹಾರಿತು. ಮತ್ತೆ ಹಾರಿತು. ಆಮೇಲೆ ಆಂಟಿ ಉಸಿರು ಬಿಟ್ಟು ಕೋವಿಯ ಕುದುರೆ ಎಳೆದಾಗ "ಟಿಕ್" ಎಂದಿತು, ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಕೋವಿಯ ಮೂತಿ ಕಪ್ಪೆ ಹಾರಿದಂತೆ ಕೆಳಗೆ ಹಾರಿತ್ತು. ಬಾರದ ಒದೆಗೆ ಭುಜ ಮೊದಲೇ ಬೆದರಿತ್ತು. ಅದು ನನಗೂ ಕಂಡಿತು. ಡೋನಲ್ ತನ್ನ ಬೂಟು ನೋಡಿಕೊಂಡ.

ಎಲ್ಲರಿಗಿಂತ ಮೊದಲು ನಕ್ಕದ್ದು ಆಂಟಿ. ಕಿವಿಯ ಮುಚ್ಚಳ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡಿದ್ಯಾ ಕುಂಞಿ? ಗುಂಡು ಹಾರ್ಲಿಲ್ಲ, ನಾನು ಹಾರಿದೆ!"

ಆಮೇಲೆ ರೇಂಜಿನವರ ಟೂ-ಫೋರ್-ತ್ರೀ ಹಿಡಿದರು. ಡೋನಲ್ ಅದೇ ಆಟ ಆಡಿದ. "ಟಿಕ್" ಎಂದಾಗ ಮೂತಿ ಕದಲಲಿಲ್ಲ. "ಗ್ರ್ಯಾಂಡ್," ಎಂದ ಡೋನಲ್. ಐರ್ಲೆಂಡಿನಲ್ಲಿ ಆ ಪದಕ್ಕೆ ಪರವಾಗಿಲ್ಲ ಎಂಬುದರಿಂದ ಹಿಡಿದು ಸಾಯುತ್ತಿದ್ದೇನೆ ಎಂಬುದರವರೆಗೆ ಅರ್ಥವಿದೆ. ಅಂದು ಅವನ ದನಿಯಲ್ಲಿ ಯಾವುದಿತ್ತೋ ನಾನು ಬರೆದಿಟ್ಟುಕೊಂಡಿಲ್ಲ.

ವಾಪಸು ಬರುವಾಗ ಆಂಟಿ ತಾವಾಗಿಯೇ, "ಬಿದ್ದಪ್ಪ ಇದ್ದಿದ್ರೆ, 'ನನ್ನ ಮುಖ ನೋಡ್ಕೊಂಡು ಜಿಂಕೆಗೆ ನೋವು ಕೊಡ್ಬೇಡ ಮಾರಾಯ್ತಿ' ಅಂತಿದ್ರು," ಎಂದರು. ಗೇರ್ ಬದಲಿಸಿ, "ಅಂತಿದ್ರೋ, ಇಲ್ಲ ನಂಗೆ ಬೇಕಾಗಿದ್ದನ್ನ ನಾನೇ ಅವರ ಬಾಯಲ್ಲಿ ಹಾಕ್ತಿದ್ದೀನೋ," ಎಂದು ಸೇರಿಸಿದರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಕ್ಷಣದಲ್ಲೇ ಎಂದು ಈಗ ಅನ್ನಿಸುತ್ತದೆ. ಅದಕ್ಕೂ ಮೊದಲೇ ಅಣಬೆ ಕರಿ ತಿಂದಾಗ ಹುಟ್ಟಿದ್ದರೂ ಹುಟ್ಟಿರಬಹುದು.

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಆಯುಧಗಳನ್ನು ಪೂಜಿಸುತ್ತಾರೆ, ಕೋವಿಯ ನಳಿಕೆಗೆ ಕೆಂಪು-ಹಳದಿಯ ತೋಕ್‌ಪೂ ಸಿಕ್ಕಿಸುತ್ತಾರೆ. ಆ ಹೂ ಇಲ್ಲೆಲ್ಲಿ? ಆದರೆ ಆ ಕಾಲಕ್ಕೆ ಕಾರ್ಕ್‌ನ ಬೇಲಿಗಳ ತುಂಬ ಕಿತ್ತಳೆ ಬಣ್ಣದ ಹೂವೊಂದು ಅರಳುತ್ತದೆ. ಆಂಟಿ ಕಾರು ನಿಲ್ಲಿಸಿ ಅದನ್ನೇ ಕಿತ್ತು ತಂದರು. ಗಂಡನ ಹಳೆಯ ಕೋವಿಗೊಂದು, ಹೊಸದಾಗಿ ಕೊಂಡ ಟೂ-ಫೋರ್-ತ್ರೀಗೊಂದು. ಚಂದನವಿಟ್ಟು, ಕೈಮುಗಿದು, ಹಳೆಯದರ ಮರದ ಹಿಡಿಯನ್ನು ಸೆರಗಿನಿಂದ ಒರೆಸಿದರು. ಆ ಹಳೆಯ ಕೋವಿಯ ಪರವಾನಗಿ ತನ್ನ ಹೆಸರಿಗಾದ ಮೇಲೆ ಡೋನಲ್ ಬಂದು ಅದನ್ನು ಒಯ್ದ. ಆಂಟಿ ಬಾಗಿಲವರೆಗೂ ಬಂದು ಕೂಗಿ ಹೇಳಿದರು: "ತ್ರೀ-ನಾಟ್-ಏಟ್, ಡೋನಲ್! ನಾಟ್!"

ನವೆಂಬರಿನಲ್ಲಿ ನನ್ನ ಘಟಿಕೋತ್ಸವಕ್ಕೆಂದು ಅಮ್ಮ ಬಂದಳು. ನಿವೃತ್ತ ಗಣಿತದ ಟೀಚರು; ಮೊಟ್ಟೆ ಇದೆಯೆಂಬ ಗುಮಾನಿಯಿಂದ ಬಿಸ್ಕತ್ತನ್ನೂ ಮೂಸಿ ನೋಡುವವಳು. ಅವಳಿಗೂ ಆಂಟಿಗೂ ಹೇಗೆ ಹೊಂದುತ್ತದೋ ಎಂದು ನಾನು ಹೆದರಿದ್ದೆ. ಎರಡನೆಯ ದಿನಕ್ಕೇ ಇಬ್ಬರೂ ಸೇರಿ ನನ್ನ ಮೇಲೆ ದೂರು ಹಂಚಿಕೊಳ್ಳುತ್ತಿದ್ದರು. ಹೊಸ ಕೋವಿಯ ಮೊದಲ ಬೇಟೆಗೆ ಹೊರಟ ಬೆಳಿಗ್ಗೆ ಕಾರಿನಲ್ಲಿ ಅಮ್ಮ ಗಂಭೀರವಾಗಿ ಹೇಳಿದಳು, "ಬೊಳ್ಳಮ್ಮನವರೇ, ಮುಚ್ಚುಮರೆ ಇಲ್ದೆ ಹೇಳ್ತೀನಿ. ಜಿಂಕೆ ಸಿಗದೇ ಇರ್ಲಿ ಅಂತ ದೇವರ ಹತ್ರ ಬೇಡ್ಕೊಂಡಿದ್ದೀನಿ."

"ಬೇಡ್ಕೊಳ್ಳಿ ಟೀಚರ್. ಸಿಗ್ಲಿ ಅಂತ ನಾನೂ ಬೇಡ್ಕೊಂಡಿದ್ದೀನಿ. ಯಾರ ದೇವರು ಮೊದಲು ಏಳ್ತಾರೋ ನೋಡೋಣ."

ಡೋನಲ್‌ನ ಗೇಟಿನ ಬಳಿ ಕಾರು ನಿಲ್ಲಿಸಿದೆವು. ಅಮ್ಮ ಕಾರಲ್ಲೇ ಕೂರುವುದೆಂದು ಮಾತಾಗಿತ್ತು. ಆಂಟಿ ಹೊರಟಾಗ ಅಮ್ಮ ಬಾಗಿಲು ತೆಗೆದಳು. "ನಾನೂ ಬರ್ತೀನಿ. ಇಲ್ಲಿದ್ರೆ ಬರೀ ಸದ್ದು ಕೇಳ್ಬೇಕು. ಅಲ್ಲಿದ್ರೆ ಆ ಪ್ರಾಣೀಗೆ ಒಂದು ಶ್ಲೋಕನಾದ್ರೂ ಹೇಳ್ತೀನಿ."

"ಮನಸ್ಸಲ್ಲೇ ಹೇಳ್ಬೇಕು ಟೀಚರ್. ಜೋರಾಗಿ ಹೇಳಿದ್ರೆ ಅದು ಓಡಿಹೋಗುತ್ತೆ."

"ಅಲ್ವಾ?" ಎಂದಳು ಅಮ್ಮ, ತುಸು ಆಸೆಯಿಂದ.

ರೇಷ್ಮೆ ಸೀರೆಯ ಮೇಲೆ ಡಗ್ಲಸ್‌ನ ಆ ಮಳೆ ಜಾಕೆಟ್ಟು, ಕಾಲಿಗೆ ಡೋನಲ್‌ನ ಹೆಂಡತಿಯ ರಬ್ಬರ್ ಬೂಟು. ಹಾಗೆ ಅಮ್ಮ ಗುಡ್ಡ ಹತ್ತಿದ್ದನ್ನು ನಾನು ಯಾವ ಡೈರಿಯ ಸಹಾಯವಿಲ್ಲದೆಯೂ ಆಣೆಯಿಟ್ಟು ಹೇಳಬಲ್ಲೆ. ಸೀರೆ ರೇಷ್ಮೆಯದಲ್ಲ ಎಂದು ಅಮ್ಮ ವಾದಿಸುತ್ತಾಳೆ, ಇರಲಿ.

ನಾನು ಫ್ಲಾಸ್ಕಿನ ಚಹಾ ಹಿಡಿದು ಕೆಳಗೆ ಕಾದೆ. ಬೆಳಕು ಹರಿದ ಮೇಲೆ ಢಂ ಎಂದಿತು. ಒಂದು ಉಸಿರಿನಷ್ಟು ಹೊತ್ತಿನ ನಂತರ ಮತ್ತೊಮ್ಮೆ, ತುಸು ಮಂಕಾಗಿ, ಢಂ. ಎರಡು, ಎಂದು ಎಣಿಸಿದೆ.

ಇಬ್ಬರೂ ಇಳಿದು ಬರುವಾಗ ಕೈ ಕೈ ಹಿಡಿದುಕೊಂಡಿದ್ದರು. ಜಾರದಿರಲೆಂದು ಇರಬೇಕು. ನಾನು ಕೇಳುವ ಮೊದಲೇ ಆಂಟಿ ತೋರುಬೆರಳೆತ್ತಿ, "ಒಂದೇ," ಎಂದರು. ಮುಖವೆಲ್ಲ ನಗು. "ಎರಡು ಕೇಳಿಸ್ತಲ್ಲ?" ಎಂದೆ. "ಗುಡ್ಡ ಮಾತಾಡುತ್ತೆ ಕುಂಞಿ." ಅಮ್ಮ ಹಿಂದಿನ ಸೀಟಿನಲ್ಲಿ ಕೂತು, ಹೀಟರ್ ಹಾಕು ಎಂದಳು. ಆ ರಾತ್ರಿ ಇಬ್ಬರೂ ಒಂದೇ ಮೇಜಿನಲ್ಲಿ ಉಂಡರು. ಆಂಟಿ ಜಿಂಕೆ, ಅಮ್ಮ ಅಣಬೆ. ಉಪ್ಪಿನ ಡಬ್ಬಿಯ ಪಕ್ಕ ಒಂದೇ ತೋಟೆ ಇತ್ತು.

ಆಂಟಿಯನ್ನು ಕೊನೆಯ ಬಾರಿ ಕಂಡದ್ದು ಡನ್ ಲಿಯರಿಯಲ್ಲಿ. ನಾನಾಗ ಕೆಲಸ ಸಿಕ್ಕಿ ಅಲ್ಲಿಗೆ ಬಂದಿದ್ದೆ. ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಮೇಲೆ ಗಾಳಿಗೆ ಎದುರಾಗಿ ನಡೆದು, ಐಸ್‌ಕ್ರೀಂ ಕೊಳ್ಳಲು ನಿಂತೆವು. ವೆನಿಲಾ, ಮತ್ತೆ ಇನ್ನೊಂದು ಬಗೆಯ ವೆನಿಲಾ. ಹಿಂದಿನ ಸಾಲು ಉದ್ದವಾಗುತ್ತಿತ್ತು. ನಾನು ಕುರ್ಚಿ ಎಲ್ಲಿದೆ ಎಂದು ನೋಡತೊಡಗಿದೆ. ಆಂಟಿ ತಟ್ಟನೆ, "ಎರಡೂ ಕೊಡಿ," ಎಂದು ಕೈಗೊಂದರಂತೆ ಹಿಡಿದು ತಿರುಗಿದರು. "ಇದಕ್ಕೆ ಲೈಸೆನ್ಸ್ ಬೇಡ ಅಲ್ವಾ?"

ಮುಂದಿನ ಚಳಿಗಾಲದಲ್ಲಿ ಅವರು ನಿದ್ದೆಯಲ್ಲೇ ಹೋದರು. ಅಂತ್ಯಕ್ರಿಯೆಯ ಮಾರನೆಯ ದಿನ ಡೋನಲ್ ಅದಕ್ಕೆ ಬಂದಿದ್ದ ನಮ್ಮನ್ನೆಲ್ಲ ಗುಡ್ಡದ ಬುಡಕ್ಕೆ ಕರೆದ. ಆಂಟಿ ಅವನಿಗೆ ಮೊದಲೇ ಹೇಳಿಟ್ಟಿದ್ದರಂತೆ. ನಾನು ಅದೇ ಗೇಟಿನ ಬಳಿ, ಕಾರು ನಿಲ್ಲಿಸಿದ್ದ ಜಾಗದಲ್ಲೇ ನಿಂತೆ. ಅವನು ಬಿದ್ದಪ್ಪ ಅಂಕಲ್‌ನ ಕೋವಿ ಹಿಡಿದು ಮೇಲೆ ಹೋಗಿ, ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಎರಡು ಗುಂಡು ಹಾರಿಸಿದ. ಕೆಳಗಿಳಿದು, ಕಣ್ಣೊರೆಸಿಕೊಂಡು, "ತ್ರೀ-ನಾಟ್-ಏಟ್," ಎಂದ. ನಾವು ಅಳುವುದನ್ನು ಬಿಟ್ಟು ನಕ್ಕೆವು.

ಆದರೆ ನನಗೆ ಕೇಳಿಸಿದ್ದು ನಾಲ್ಕು.

ಹಾಗಾದರೆ ಗುಡ್ಡ ಮಾತಾಡುತ್ತದೆ ಎಂಬುದು ನಿಜ. ಆಂಟಿಯದು ಒಂದೇ ಗುಂಡು, ಅವರು ಆರಿಸಿದ್ದು ಸರಿ. ಆದರೆ ಒಂದೇ ಸಾಕ್ಷ್ಯ ಹಿಡಿದು ತೀರ್ಮಾನಕ್ಕೆ ಬರಬಾರದೆಂದು ಕಲಿತವಳು ನಾನು. ಬೇಟೆಯ ದಿನದ ಗಾಳಿ ಬೇರೆ, ಕೋವಿ ಬೇರೆ, ನನ್ನ ಕಿವಿಯೂ ಬೇರೆಯಿದ್ದಿರಬಹುದು. ಅಂದು ಗುಡ್ಡದ ಮೇಲೆ ಅವರ ಪಕ್ಕದಲ್ಲಿದ್ದವಳು ಒಬ್ಬಳೇ. ಕಳೆದ ಭಾನುವಾರ ಮೈಸೂರಿಗೆ ಫೋನ್ ಮಾಡಿದಾಗ ಕೇಳಿಯೇಬಿಟ್ಟೆ: "ಅಮ್ಮ, ನಿಜ ಹೇಳು. ಆವತ್ತು ಮೇಲೆ ಒಂದೇನಾ, ಎರಡಾ?"

"ಬೊಳ್ಳಮ್ಮನವರು ಏನಂದಿದ್ರು?"

"ಒಂದು ಅಂದಿದ್ರು."

ಆ ಕಡೆ ಅಮ್ಮ ನಕ್ಕ ಸದ್ದು. ಜಿಂಕೆಗೆ ಕೇಳಿಸಬಾರದು ಎಂಬಂಥ ಮೆಲ್ಲನೆಯ ನಗು. "ತಡಿ, ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ," ಎಂದು ಇಟ್ಟಳು.

ಇನ್ನೂ ಮಾಡಿಲ್ಲ.