ಅಕ್ಕವ್ವನ ಹಲ್ಲು, ಪಡುವಣ ಗಾಳಿ

ಕಲ್ಲೋಳಿಯ ಅಕ್ಕವ್ವನ ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆ ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ಆದರೆ ಎಡಗಡೆಯ ಒಂದು ದವಡೆಹಲ್ಲು ಗಟ್ಟಿ ಇದೆಯೆಂಬುದು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ರೈತರಿಗೆ ಗೊತ್ತು. ಬಿತ್ತನೆಯ ಜೋಳ ಒಣಗಿದೆಯೋ ಇಲ್ಲವೋ ಎಂಬ ತೀರ್ಪು ಆ ಹಲ್ಲಿನದು. ಕಡಿದಾಗ ಕಾಳು ಟಕ್ ಅಂದರೆ ಚೀಲ ತುಂಬಬಹುದು. ಮೆತ್ತಗೆ ಮುರಿದರೆ ಇನ್ನೂ ಬಿಸಿಲು ಬೇಕು.

ಈ ಜೋಳ ಅವಳ ಅತ್ತೆಯ ಕಾಲದ್ದು. ಊರೆಲ್ಲ ಪೇಟೆಯ ಪಾಕೀಟು ಬೀಜದ ಹಿಂದೆ ಹೋದಾಗಲೂ ಅಕ್ಕವ್ವ ಹೊಲದ ಒಂದು ಪಟ್ಟಿಯನ್ನು ಇದಕ್ಕೇ ಬಿಟ್ಟಳು. ಹೋದವರಲ್ಲಿ ಹಲವರು ಈಗ ರೊಟ್ಟಿಯ ರುಚಿ ನೆನೆದು ಅವಳ ಬಾಗಿಲಿಗೇ ಬರುತ್ತಾರೆ. ಅವಳು ಹಳೆಯದನ್ನು ಎತ್ತಿ ಆಡುವುದಿಲ್ಲ. ಅವರ ಚಹಾದಲ್ಲಿ ಸಕ್ಕರೆ ಮಾತ್ರ ತುಸು ಕಡಿಮೆ ಬೀಳುತ್ತದೆ. ಮಷೀನಿಗೆ ಹಾಕಿದರೆ ಕಾಳಿನ ಮೂಗು ಒಡೆದು ಮೊಳಕೆ ಬರುವುದಿಲ್ಲವೆಂದು ತೆನೆಯನ್ನು ಕೋಲಿನಿಂದಲೇ ಬಡಿಸುತ್ತಾಳೆ, ಗಾಳಿಗೇ ತೂರುತ್ತಾಳೆ.

ಈ ಫೆಬ್ರವರಿಯಲ್ಲಿ ಬಡಿಯುವುದೇನೋ ಆಯಿತು, ಗಾಳಿಯೇ ಬರಲಿಲ್ಲ. ಹೊಟ್ಟು ಕಲೆತ ರಾಶಿ ಕಣದಲ್ಲಿ ಬೀಗರ ಹಾಗೆ ಬಿಗಿದು ಕುಳಿತಿತು. ಬೇವಿನ ಎಲೆ ಕೂಡ ಅಲುಗದು. ಮನೆಯಲ್ಲಿ ಇಟ್ಟಿದ್ದ ಹಳೆಯ ಬೀಜಕ್ಕೆ ಹುಳ ಬಿದ್ದಿತ್ತು. ಕೊಂಡು ಬಿತ್ತಿದವರಾರೂ ಬೀಜ ಉಳಿಸಿಕೊಳ್ಳುವವರಲ್ಲ. ಅತ್ತೆಯ ಜೋಳ ಇನ್ನು ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಅದು ಈ ರಾಶಿಯಲ್ಲಿ ಮಾತ್ರ.

ಒಂದು ದಿನ ಇಳಿಹೊತ್ತಿನಲ್ಲಿ ಘಟಪ್ರಭಾದ ಬೀಜದ ಅಂಗಡಿಯ ಧರಣೇಂದ್ರ ತನ್ನ ಟೆಂಪೋ ತಂದು ಕಣದ ಮೂಡಣಕ್ಕೆ ಬೇವಿನ ನೆರಳಲ್ಲಿ ನಿಲ್ಲಿಸಿದ. ಇಪ್ಪತ್ತು ವರ್ಷದಿಂದ ಅಕ್ಕವ್ವನ ಬೀಜ ಒಯ್ಯುವವನು ಅವನೇ. ತಾನು ಸ್ವತಃ ಕಡಿದು ನೋಡದೆ ಒಂದು ಚೀಲವನ್ನೂ ಎತ್ತಿದವನಲ್ಲ. ಕಾಳು ಎಷ್ಟೇ ಟಕ್ ಎನ್ನಲಿ, ಅವನು ಕಣ್ಣು ಮುಚ್ಚಿ, "ಇನ್ನೊಂದ ಬಿಸಲ ಬೇಕ ನೋಡ್ರಿ ಅಕ್ಕವ್ವಾ" ಎನ್ನುತ್ತಿದ್ದ. ಆ ಒಂದು ಬಿಸಿಲಿನ ನೆಪದಲ್ಲಿ ದರ ತುಸು ಇಳಿಯುತ್ತಿತ್ತು. ಅಕ್ಕವ್ವನಿಗೂ ಅದು ಗೊತ್ತು. ಗೊತ್ತಿದೆ ಎಂದು ಅವನಿಗೂ ಗೊತ್ತು.

"ರಾಶಿ ಇನ್ನೂ ಹಂಗ ಐತೆಲ್ಲ?" ಎಂದ ಧರಣೇಂದ್ರ.

"ಗಾಳಿ ನಿಮ್ಮ ಅಂಗಡ್ಯಾಗ ಸಿಗತೈತೇನ್ರಿ ಸಾವಕಾರ್ರ? ಇದ್ರ ಎರಡ ಚೀಲ ಕಳಸ್ರಿ."

ಅಷ್ಟರಲ್ಲಿ ಫೋನು ಬಂತು. ಪಡುವಣಕ್ಕಿರುವ ಸಂಕೇಶ್ವರಕ್ಕೆ ಕೊಟ್ಟ ಮಗಳು ನೇತ್ರಾ.

"ಅವ್ವಾ, ಇಲ್ಲಿ ಘಟ್ಟದ ಕಡಿಂದ ಮೋಡ ಎದ್ದ ಬಂದೈತಿ. ಧೂಳಿಗಿ ಹೈವೇ ಕಾಣವಲ್ದು. ಆಣಿಕಲ್ಲ ಬೀಳಾಕತ್ತಾವ."

"ಗಾಳಿ ಹೆಂಗೈತಿ?"

"ನಾ ಆಣಿಕಲ್ಲ ಅಂದ್ರ ನೀ ಗಾಳಿ ಅಂತಿಯಲ್ಲವ್ವಾ."

"ಕೇಳಿದ್ದ ಹೇಳ."

"ಬಾಜೂ ಮನಿ ತಗಡ ಹಾರಿಸಿಕೊಂಡ ಹೋತು."

ಅಕ್ಕವ್ವನ ಮುಖ ಮದುವೆ ಗೊತ್ತಾದವರ ಹಾಗೆ ಅರಳಿತು. ಸೊಸೆ ದಾಕ್ಷಾಯಿಣಿ ಆಗಲೇ ತಾಡಪತ್ರಿ ಎಳೆದು ತರುತ್ತಿದ್ದಳು.

"ಅತ್ತೀರಿ, ಮುಚ್ಚಿಬಿಡೋಣ್ರಿ."

"ಹೊಟ್ಟಿನ ಸಂಗಾಟ ಮುಚ್ಚಿದ್ರ ಕಾವ ಹಿಡದ ಒಳಗ ಮೊಳಕಿ ಒಡೀತೈತಿ. ಮಳಿಗಿಂತ ಮುಂದ ಗಾಳಿ ಬರತೈತಿ. ಆ ಗಾಳ್ಯಾಗ ತೂರೋಣು."

"ಖರೆ ಹೇಳಾಕತ್ತೀರೇನು?" ಎಂದ ಧರಣೇಂದ್ರ. "ಗಾಳಿ ಹಿಂದ ಮಳಿ ಬೆನ್ನ ಹತ್ತಿರತೈತಿ. ತೂರೂದ ಅರ್ಧ ಆದಾಗ ಬಂದ್ರ?"

"ಅರ್ಧಾರ ಉಳೀತೈತಿ. ಚಪ್ಪಲಿ ಬಿಟ್ಟ ಕಣದಾಗ ಬರ್ರಿ. ಬುಟ್ಟಿ ತುಂಬಿಕೊಡಾಕ ಒಬ್ಬರ ಬೇಕು."

ಧರಣೇಂದ್ರ ಕೈಗಡಿಯಾರ ನೋಡಿದ. ಜೈನರ ಮನೆಯವನು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಒಂದು ಅಗುಳೂ ಇಡುವವನಲ್ಲ. ಅದಕ್ಕೇ ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಟೆಂಪೋದಲ್ಲಿತ್ತು. ಇನ್ನೂ ವೇಳೆ ಇದೆಯೆಂದುಕೊಂಡು ಚಪ್ಪಲಿ ಬಿಟ್ಟ.

ಈಗೊಂದು ತೊಡಕು. ಈ ದಿನಗಳಲ್ಲಿ ಬರುವುದು ಮೂಡಗಾಳಿ. ಅದಕ್ಕೆಂದೇ ಅಕ್ಕವ್ವ ತೂರುವ ಮುಕ್ಕಾಲಿಯನ್ನು ರಾಶಿಯ ಪಡುವಣಕ್ಕೆ ಇಟ್ಟಿದ್ದಳು. ಬರುತ್ತಿರುವುದು ಪಡುವಣ ಗಾಳಿ; ಅಲ್ಲೇ ನಿಂತು ತೂರಿದರೆ ಹೊಟ್ಟೆಲ್ಲ ತಿರುಗಿ ರಾಶಿಗೇ. ಅತ್ತೆ ಸೊಸೆ ಇಬ್ಬರೂ ಸೇರಿ ಮುಕ್ಕಾಲಿಯನ್ನು ಮೂಡಣಕ್ಕೆ ಹೊತ್ತು ತಂದು, ಸಗಣಿ ಸಾರಿಸಿದ ನೆಲವನ್ನು ಗುಡಿಸಿದರು. ಧರಣೇಂದ್ರ ಆ ದಿಕ್ಕು ನೋಡಿದ. ಅಲ್ಲಿ ಅವನ ಟೆಂಪೋ ನಿಂತಿತ್ತು, ಮೊನ್ನೆಯಷ್ಟೇ ಬಿಳಿ ಬಣ್ಣ ಹೊಡೆಸಿದ್ದು.

"ಅದನ್ನ ಸರಿಸಿ ಬರತೇನಿ."

"ಬಂತ್ರಿ," ಎಂದಳು ಅಕ್ಕವ್ವ.

ಬಂತು. ಮೊದಲು ಬೇವು ಬಾಗಿತು, ಆಮೇಲೆ ಹೊಲದ ಧೂಳೆಲ್ಲ ಒಟ್ಟಿಗೆ ಎದ್ದು ನಡೆದು ಬಂದಂತಾಯಿತು. ಪಡುವಣ ದಿಕ್ಕು ಕಾದ ಹಂಚಿನಂತೆ ಕಪ್ಪಾಯಿತು. ಅರವತ್ತು ದಾಟಿದ ಅಕ್ಕವ್ವ ಸೆರಗು ಬಿಗಿದು ಮುಕ್ಕಾಲಿ ಹತ್ತಿ ಬುಟ್ಟಿ ಎತ್ತಿದಳು. ಕಾಳು ಮುತ್ತಿನ ಎಳೆಯಾಗಿ ನೆಟ್ಟಗೆ ಇಳಿಯಿತು. ಹೊಟ್ಟು ಹೊಗೆಯಾಗಿ ಹಾರಿ ಟೆಂಪೋದ ಮೇಲೆ ಕೂತಿತು.

"ಇನ್ನೊಂದ ತಾ. ತಡಾ ಮಾಡಬ್ಯಾಡ."

ಇಪ್ಪತ್ತು ವರ್ಷ 'ರಿ' ಹಚ್ಚಿ ಮಾತಾಡಿದವಳ ಬಾಯಲ್ಲಿ ಆ ಅಕ್ಷರವನ್ನೂ ಗಾಳಿ ಹೊತ್ತೊಯ್ದಿತ್ತು. ಧರಣೇಂದ್ರನಿಗೆ ಅದನ್ನು ಗಮನಿಸಲು ಪುರುಸೊತ್ತಿರಲಿಲ್ಲ. ಅಂಗಡಿಯಲ್ಲಿ ಕುರ್ಚಿ ಬಿಟ್ಟು ಏಳದ ಮನುಷ್ಯ ಬುಟ್ಟಿ ತುಂಬುತ್ತ, ಕೊಡುತ್ತ, ಕಣ್ಣಲ್ಲಿ ಹೊಟ್ಟು ಹೊಕ್ಕರೂ ನಗುತ್ತಿದ್ದ. ದಾಕ್ಷಾಯಿಣಿ ಹಸನಾದ ಕಾಳನ್ನು ಬಳಿದು ಚೀಲಕ್ಕೆ ತುಂಬಿ ಪಡಸಾಲೆಗೆ ಎಳೆಯುತ್ತಿದ್ದಳು. ಫೋನು ಮತ್ತೆ ಬಡಿದುಕೊಂಡಿತು. ಸಂಕೇಶ್ವರಕ್ಕಿಂತ ಹತ್ತಿರದ ಹುಕ್ಕೇರಿಯಿಂದ ಅಕ್ಕವ್ವನ ತಂಗಿ ಲಗಮವ್ವ. ದಾಕ್ಷಾಯಿಣಿ ಕಿವಿಗಿಟ್ಟು ಕೂಗಿ ಹೇಳಿದಳು: "ಹುಕ್ಕೇರ್ಯಾಗ ಸುರ್ಯಾಕತ್ತೈತಂತ್ರಿ. ಅಕ್ಕ ಏನ ಮಾಡಾಕತ್ತಾಳ ಅಂತ ಕೇಳ್ತಾರು."

"ಕುಣ್ಯಾಕತ್ತಾಳ ಅಂತ ಹೇಳ."

ರಾಶಿ ಕರಗುತ್ತ ಬಂತು. ಕೊನೆಯ ನಾಲ್ಕೈದು ಬುಟ್ಟಿ ಉಳಿದಿರುವಾಗ ಮೊದಲ ಆಣಿಕಲ್ಲು ಟೆಂಪೋದ ನೆತ್ತಿಯ ಮೇಲೆ ಠಣ್ ಎಂದಿತು. ಅಕ್ಕವ್ವ ಕೈಯಲ್ಲಿದ್ದ ಬುಟ್ಟಿಯನ್ನು ತೂರಿ ಮುಗಿಸಿಯೇ ಇಳಿದಳು. ಮುಕ್ಕಾಲಿಯ ಕೆಳಗಿನ ಕಾಳನ್ನು ಮೂವರೂ ತಾಡಪತ್ರಿಗೆ ಬಳಿದು, ಅದನ್ನು ನೆಲದ ಮೇಲೆ ಎಳೆಯುತ್ತ ಪಡಸಾಲೆ ಸೇರುವುದಕ್ಕೂ ಮಳೆ ಕಣಕ್ಕೆ ಇಳಿಯುವುದಕ್ಕೂ ಸರಿಹೋಯಿತು. ತೂರದೆ ಉಳಿದದ್ದು ಕಣ್ಣೆದುರೇ ನೆನೆದು ಕಪ್ಪಗಾಯಿತು.

"ಅದು ಕೋಳಿಗಿ," ಎಂದಳು ಅಕ್ಕವ್ವ.

ಅವಳು ಒಂದು ಚೀಲದೊಳಗೆ ಮೊಳಕೈ ತನಕ ಕೈ ಹಾಕಿ, ತಳದ ಒಂದು ಕಾಳು ತೆಗೆದು ಎಡ ದವಡೆಗೆ ಇಟ್ಟಳು. ಮಳೆಯ ಸದ್ದಿನಲ್ಲೂ ಕೇಳಿಸಿತು. ಟಕ್.

ಧರಣೇಂದ್ರ ಅಭ್ಯಾಸದಂತೆ ಕೈ ಚಾಚಿದ. ಅವಳು ಅಂಗೈಯಲ್ಲಿ ಕಾಳಿಟ್ಟು, ಕಳೆದುಹೋಗಿದ್ದ ಮರ್ಯಾದೆಯನ್ನೂ ಜೊತೆಗೆ ಇಟ್ಟಳು.

"ಕಡದ ನೋಡ್ರಿ ಸಾವಕಾರ್ರ. ಆದ್ರ ಹೊತ್ತ ಮುಳುಗೇತೋ ಏನೋ."

ಕಾಳು ತುಟಿಯ ಹತ್ತಿರ ನಿಂತಿತು. ಅವನು ಹೊರಗೆ ನೋಡಿದ; ಆಕಾಶದಲ್ಲಿ ಸೂರ್ಯನ ಸುಳಿವಿಲ್ಲ.

"ಮೋಡ ಅದು. ಇನ್ನೂ ಮುಳುಗಿಲ್ಲ."

"ಇರಬಹುದು. ನಿಮ್ಮ ಧರ್ಮ ನೀವ ನೋಡ್ಕೊರಿ."

ಕೈಗಡಿಯಾರ ನೋಡಿದ. ನೋಡಬಾರದಿತ್ತು; ಹೊತ್ತು ಮುಳುಗುವ ವೇಳೆ ದಾಟಿತ್ತು. ಟೆಂಪೋದಲ್ಲಿದ್ದ ಡಬ್ಬಿಯ ರೊಟ್ಟಿಯೂ ಆ ದಿನದ ಮಟ್ಟಿಗೆ ಹೋಯಿತು.

"ನಾಳೆ ಮುಂಜಾನಿ ಕಡದ ನೋಡಿ ಒಯ್ತೇನಿ," ಎಂದ.

"ನಾಳೆ ಮುಂಜಾನಿ ತನಕ ಮಳಿ ಥಂಡಿ ಹಿಡದ ಮೆತ್ತಗಾದ್ರ, ಇನ್ನೊಂದ ಬಿಸಲ ಬೇಕ ಅಂತೀರಿ. ಟಕ್ ಅಂದದ್ದ ಕೇಳಿಸಿಲ್ಲೇನು?"

ದಾಕ್ಷಾಯಿಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಧರಣೇಂದ್ರ ಆ ಕಾಳನ್ನು ಸ್ವಲ್ಪ ಹೊತ್ತು ಬೆರಳಲ್ಲಿ ಹೊರಳಿಸಿದ. ಆಮೇಲೆ ಚೀಲಕ್ಕೆ ಹಾಕಿದ, ಬಾಯಿ ಹೊಲಿಯಲು ದಬ್ಬಳ ಕೇಳಿದ.

"ಕೇಳಿಸೇತಿ," ಎಂದ.

"ಎರಡ ಚೀಲ ಇಲ್ಲೇ ಇರಲಿ," ಎಂದು ಅಕ್ಕವ್ವ ದಬ್ಬಳ ಕೊಟ್ಟಳು. "ಅವು ಅತ್ತಿಯವು."