ಸವಣೂರಿನ ಎಲೆ ತೋಟಕ್ಕೆ ಬಂದ ಬಾಟಲಿ

ಗ್ರೀಸ್ ದೇಶದಲ್ಲಿ ವೈನ್ ಮಾಡುವವನೊಬ್ಬನಿಗೆ ದುಭಾಷಿಯಾಗಿ ಸವಣೂರಿನ ವೀಳ್ಯದೆಲೆ ತೋಟಕ್ಕೆ ಹೋಗಿದ್ದೆ. ಎಲೆ ತೋಟದ ಪದ್ಧತಿಯಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಅವನು ತನ್ನ ವೈನ್ ಬಾಟಲಿಯನ್ನು ಕಾಣಿಕೆಯೆಂದು ಚಾಚಿದ. ತೋಟದ ಬಸಪ್ಪಣ್ಣ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ನಾವು ಇದನ್ನ ಮುಟ್ಟೂದಿಲ್ಲಂತ ಹೇಳ್ರಿ."

ಅದನ್ನು ಹೇಳುವ ಬದಲು, ಮಾತು ತಿರುಗಿಸಲು, ಇದು ಯಾವ ದ್ರಾಕ್ಷಿ ಎಂದು ಗ್ರೀಕನನ್ನು ಕೇಳಿದೆ. ಹಳೆಯ ತಳಿಯಂತೆ, ಅಳಿದೇ ಹೋಯಿತು ಅಂದುಕೊಂಡಿದ್ದರಂತೆ. ಒಬ್ಬ ಮುದುಕಿ ಅಂಗಳದಲ್ಲಿ ನೆರಳಿಗೆಂದು ಬಿಟ್ಟಿದ್ದ ಒಂದೇ ಬಳ್ಳಿಯಿಂದ ತುಂಡು ತಂದು ಮತ್ತೆ ಹಬ್ಬಿಸಿದರಂತೆ.

ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಬಸಪ್ಪಣ್ಣನ ಕೈ ಮುಂದೆ ಬಂತು. "ಬಾಟ್ಲಿ ನೀವ ಇಟ್ಕೊರಿ. ಆ ಬಳ್ಳಿದೊಂದು ತುಂಡು ತಂದಾರೇನು ಕೇಳ್ರಿ."

ತಂದಿರಲಿಲ್ಲ. ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ಶಿಗ್ಗಾವಿ ಬಸ್ಸಿನಲ್ಲಿ ಕಾಲಡಿ ಬಚ್ಚಿಟ್ಟುಕೊಂಡು ಬಂದೆ. ಬಳ್ಳಿಯಾಗಿದ್ದರೆ ಕೈಯಲ್ಲಿ ಹಿಡಿದುಕೊಂಡೇ ಬರುತ್ತಿದ್ದೆ.